ನಗರಸಭೆಯ ಖರ್ಚಿನ ಮೇಲೆ ಕಣ್ಣಿಡುವ ತೆರಿಗೆದಾರರ ವೇದಿಕೆ: ಎಲ್ಲಿಂದ ಆರಂಭಿಸುವುದು, ಯಾರನ್ನು ಸೇರಿಸಿಕೊಳ್ಳುವುದು?

ಹೊಸ ಬಡಾವಣೆಯವ:
ಎಲ್ಲರಿಗೂ ನಮಸ್ಕಾರ. ನಮ್ಮದು ನಗರಸಭೆಯ ಆಡಳಿತವಿರುವ ಊರು. ನಮ್ಮ ಬಡಾವಣೆಯ ಮುಖ್ಯರಸ್ತೆಗೆ ಡಾಂಬರು ಹಾಕಿ ವರ್ಷ ತುಂಬುವುದರೊಳಗೆ ಒಳಚರಂಡಿ ಪೈಪಿಗಾಗಿ ಅದನ್ನು ಉದ್ದಕ್ಕೂ ಅಗೆದರು. ಮಣ್ಣು ಮುಚ್ಚಿ ಹೋದ ಮೇಲೆ ಇಡೀ ಮಳೆಗಾಲವನ್ನು ಕೆಸರಿನಲ್ಲೇ ಕಳೆದೆವು. ಈಗ ಅದೇ ರಸ್ತೆಗೆ ಮತ್ತೊಮ್ಮೆ ಡಾಂಬರೀಕರಣದ ಟೆಂಡರ್ ಕರೆದಿದ್ದಾರೆ. ಏಪ್ರಿಲ್ ತಿಂಗಳಲ್ಲೇ ಆಸ್ತಿ ತೆರಿಗೆ ಕಟ್ಟಿ ಶೇ. 5ರ ರಿಯಾಯಿತಿ ಪಡೆಯುವವರು ನಮ್ಮಲ್ಲಿ ಹೆಚ್ಚು. ಕಟ್ಟಿದ ಹಣ ಏನಾಯಿತು ಎಂದು ಕೇಳುವ ರೂಢಿ ಮಾತ್ರ ಯಾರಿಗೂ ಇಲ್ಲ.

ಬಡಾವಣೆಯ ಕೆಲವರು ಸೇರಿ ತೆರಿಗೆದಾರರ ವೇದಿಕೆಯೊಂದನ್ನು ಕಟ್ಟಬೇಕೆಂದಿದ್ದೇವೆ. ಅದನ್ನು ಸಂಘವಾಗಿ ನೋಂದಾಯಿಸಬೇಕೇ? ಮೊದಲು ಯಾವ ಕಾಗದ ಕೇಳಬೇಕು? ಇಂಥ ಗುಂಪುಗಳಿಂದ ಎಲ್ಲಿಯಾದರೂ ನಿಜವಾಗಿ ಏನಾದರೂ ಬದಲಾಗಿದೆಯೇ? ಅನುಭವವಿದ್ದವರು ತಿಳಿಸಿದರೆ ಉಪಕಾರವಾಗುತ್ತದೆ.

ಮಾಹಿತಿ ಅರ್ಜಿದಾರ:
ನೋಂದಣಿಗೆ ಕಾಯಬೇಡಿ. 2005ರ ಮಾಹಿತಿ ಹಕ್ಕು ಕಾಯ್ದೆಯ 3ನೇ ಕಲಂ ಹಕ್ಕನ್ನು ಕೊಟ್ಟಿರುವುದು ನಾಗರಿಕರಿಗೆ. ಸಂಘದ ಲೆಟರ್‌ಹೆಡ್‌ನಲ್ಲಿ ಅಧ್ಯಕ್ಷರ ಮೊಹರಿನೊಂದಿಗೆ ಅರ್ಜಿ ಕಳುಹಿಸಿದರೆ ಹಿಂದಿರುಗಿಸಲು ಅದೇ ಒಂದು ನೆಪವಾಗುತ್ತದೆ, ಆದ್ದರಿಂದ ಅರ್ಜಿ ನಿಮ್ಮ ಸ್ವಂತ ಹೆಸರಿನಲ್ಲಿರಲಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವನ್ನು 150 ಪದಗಳ ಮಿತಿಯಲ್ಲಿ ಕೇಳಬೇಕು. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಮೂಲಕ ಕೊಡಬಹುದು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ಅದರಿಂದಲೂ ಆಗದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬೇಕು.

ಲೆಕ್ಕಪತ್ರದವಳು:
ಅರ್ಜಿ ಹಾಕುವುದಕ್ಕೂ ಮೊದಲು, ಈಗಾಗಲೇ ಬಹಿರಂಗವಾಗಿರುವ ಲೆಕ್ಕವನ್ನು ಓದಿ ಎಂಬುದು ನನ್ನ ಸಲಹೆ. 15ನೇ ಹಣಕಾಸು ಆಯೋಗವು ನಗರ ಸ್ಥಳೀಯ ಸಂಸ್ಥೆಗಳ ಅನುದಾನಕ್ಕೆ ಒಂದು ಷರತ್ತು ಹಾಕಿತ್ತು: ಹಿಂದಿನ ವರ್ಷದ ತಾತ್ಕಾಲಿಕ ಲೆಕ್ಕವೂ ಅದರ ಹಿಂದಿನ ವರ್ಷದ ಲೆಕ್ಕಪರಿಶೋಧಿತ ಲೆಕ್ಕವೂ ಅಂತರ್ಜಾಲದಲ್ಲಿ ಸಾರ್ವಜನಿಕರಿಗೆ ಸಿಗಬೇಕು. ಈ ಕಾರಣದಿಂದ ಸಣ್ಣ ಪುರಸಭೆಗಳ ವಾರ್ಷಿಕ ಲೆಕ್ಕಪತ್ರಗಳೂ ಸಿಟಿಫೈನಾನ್ಸ್ ಜಾಲತಾಣದಲ್ಲಿ ಸಿಗತೊಡಗಿವೆ. ಕರ್ನಾಟಕದ ನಗರಸಭೆಗಳು 2006ರ ಲೆಕ್ಕಪತ್ರ ಮತ್ತು ಬಜೆಟ್ ನಿಯಮಗಳಡಿ ದ್ವಿನಮೂದು (ಡಬಲ್ ಎಂಟ್ರಿ, ಅಂದರೆ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ) ಪದ್ಧತಿಯಲ್ಲೇ ಲೆಕ್ಕ ಇಡಬೇಕಾದ್ದರಿಂದ, ಬ್ಯಾಂಕಿನಲ್ಲೋ ಅಂಗಡಿಯಲ್ಲೋ ಲೆಕ್ಕ ಬರೆದು ರೂಢಿಯಿರುವ ಯಾರಿಗಾದರೂ ಅವು ಅರ್ಥವಾಗುತ್ತವೆ.

ಮುಂದಿನ ಕಾಗದ ಲೆಕ್ಕಪರಿಶೋಧನಾ ವರದಿ. ರಾಜ್ಯ ಲೆಕ್ಕಪರಿಶೋಧನೆ ಮತ್ತು ಲೆಕ್ಕಪತ್ರ ಇಲಾಖೆಯು ನಿಮ್ಮ ನಗರಸಭೆಯ ಲೆಕ್ಕ ನೋಡಿ ಕಂಡಿಕೆ ಕಂಡಿಕೆಯಾಗಿ ಆಕ್ಷೇಪಣೆ ಬರೆದಿರುತ್ತದೆ. ಆಕ್ಷೇಪಣೆಯಲ್ಲಿಟ್ಟ ಮೊತ್ತ ಎಷ್ಟು, ವಸೂಲಿಗೆ ಸೂಚಿಸಿದ ಮೊತ್ತ ಎಷ್ಟು ಎಂಬುದು ಬೇರೆ ಬೇರೆಯಾಗಿಯೇ ಇರುತ್ತದೆ. ಸರ್ಕಾರದ ಲೆಕ್ಕಿಗರೇ ಕಷ್ಟಪಟ್ಟು ಪತ್ತೆ ಮಾಡಿಟ್ಟ ತಪ್ಪುಗಳಿಗೆ ಉತ್ತರವನ್ನೇ ಕೊಡದೆ ವರ್ಷಗಟ್ಟಲೆ ತಳ್ಳುತ್ತಾ ಬರುವುದುಂಟು. ಹೊಸ ಹಗರಣ ಹುಡುಕಲು ಹೊರಡುವ ಮುನ್ನ, ಬಾಕಿ ಉಳಿದ ಕಂಡಿಕೆಗಳಿಗೆ ಯಾವಾಗ ಉತ್ತರ ಕೊಡುತ್ತೀರಿ ಎಂದು ಕೇಳುವ ಗುಂಪು ಊರಿಗೆ ಹೆಚ್ಚು ಉಪಕಾರ ಮಾಡುತ್ತದೆ.

ನಿವೃತ್ತ ಎಂಜಿನಿಯರ್:
ಮೂವತ್ತು ವರ್ಷ ಸ್ಥಳೀಯ ಸಂಸ್ಥೆಗಳಲ್ಲಿ ಕೆಲಸ ಮಾಡಿದವನಾಗಿ ಒಂದು ಮಾತು. ಒಂದೇ ರಸ್ತೆಗೆ ಎರಡು ಸಲ ಡಾಂಬರು ಎಂದ ಮಾತ್ರಕ್ಕೆ ಅಕ್ರಮ ಎಂದು ತೀರ್ಮಾನಿಸಬೇಡಿ. ರಸ್ತೆ ನಗರಸಭೆಯದು, ಒಳಚರಂಡಿ ಯೋಜನೆ ಬೇರೆ ಸಂಸ್ಥೆಯದು, ಅನುದಾನ ಬಂದ ಕಾಲವೂ ಬೇರೆ. ಮಾರ್ಚ್ ಒಳಗೆ ಖರ್ಚಾಗದ ಅನುದಾನ ಹಿಂದಕ್ಕೆ ಹೋಗುತ್ತದೆ ಎಂಬ ಒತ್ತಡದಲ್ಲಿ ಪೈಪಿಗೆ ಮುಂಚೆಯೇ ರಸ್ತೆ ಮಾಡಿಬಿಡುತ್ತಾರೆ. ಅದು ಯೋಜನೆಯ ದೋಷವೇ ಹೊರತು ಎಲ್ಲ ಸಂದರ್ಭದಲ್ಲೂ ಕಳ್ಳತನವಲ್ಲ.

ಮಾಹಿತಿ ಅರ್ಜಿದಾರ:
ಸರ್, ಯೋಜನೆಯ ದೋಷಕ್ಕೂ ಹಣ ಕೊಡುವವರು ಅದೇ ಜನರಲ್ಲವೇ?

ನಿವೃತ್ತ ಎಂಜಿನಿಯರ್:
ಅದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ಸರಿಯಾದ ಪ್ರಶ್ನೆ ಕೇಳಿ ಎನ್ನುತ್ತಿದ್ದೇನೆ. ಒಳಚರಂಡಿ ಕಾಮಗಾರಿಯ ಅಂದಾಜು ಪಟ್ಟಿಯಲ್ಲಿ ಅಗೆದ ರಸ್ತೆಯನ್ನು ಮೊದಲಿನಂತೆ ಮಾಡಿಕೊಡುವ ಬಾಬತ್ತು ಸಾಮಾನ್ಯವಾಗಿ ಸೇರಿರುತ್ತದೆ, ಇಲ್ಲವೇ ಅಗೆಯಲು ಅನುಮತಿ ಪಡೆದವರು ನಗರಸಭೆಗೆ ರಸ್ತೆ ಪುನರ್‌ನಿರ್ಮಾಣದ ಹಣ ಕಟ್ಟಿರುತ್ತಾರೆ. ಪೈಪಿನ ಗುತ್ತಿಗೆಯಲ್ಲೇ ಆ ಬಾಬತ್ತಿಗೆ ಬಿಲ್ ಪಾವತಿಯಾಗಿ, ಮತ್ತೆ ಅದೇ ಅಗಲಕ್ಕೆ ನಗರಸಭೆಯ ಟೆಂಡರ್‌ನಲ್ಲೂ ಹಣ ಇಟ್ಟಿದ್ದರೆ ಆಗ ಪ್ರಶ್ನೆ ಏಳುತ್ತದೆ. ಎರಡೂ ಅಂದಾಜು ಪಟ್ಟಿಗಳನ್ನು ಪಕ್ಕದಲ್ಲಿಟ್ಟುಕೊಂಡು ಓದದೆ ಪೌರಾಯುಕ್ತರ ಎದುರು ಕುಳಿತರೆ ಐದು ನಿಮಿಷದಲ್ಲಿ ನಿಮ್ಮನ್ನು ಸಮಾಧಾನಪಡಿಸಿ ಕಳುಹಿಸುತ್ತಾರೆ.

ಪ್ರತಿ ಕಾಮಗಾರಿಗೂ ಒಂದು ಸರಣಿ ಕಾಗದವಿರುತ್ತದೆ: ಅಂದಾಜು ಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕ, ಗುಣಮಟ್ಟ ಪರೀಕ್ಷೆಯ ವರದಿ, ಬಿಲ್. ಇವುಗಳಲ್ಲಿ ಅಳತೆ ಪುಸ್ತಕವೇ ಜೀವಾಳ. ಕಿರಿಯ ಎಂಜಿನಿಯರ್ ಸ್ಥಳದಲ್ಲಿ ಅಳೆದು ಉದ್ದ, ಅಗಲ, ದಪ್ಪವನ್ನು ಅದರಲ್ಲಿ ಬರೆಯುತ್ತಾನೆ, ಮೇಲಿನವರು ಅದನ್ನು ತಾಳೆ ನೋಡಿ ಸಹಿ ಹಾಕುತ್ತಾರೆ, ಅದರ ಆಧಾರದ ಮೇಲೆ ಬಿಲ್ ಆಗುತ್ತದೆ. ಬೇರೆಲ್ಲ ಕಾಗದ ಏನಾಗಬೇಕಿತ್ತು ಎಂಬುದನ್ನು ಹೇಳಿದರೆ, ಏನಾಯಿತು ಎಂದು ಒಬ್ಬ ಅಧಿಕಾರಿ ಸಹಿ ಹಾಕಿ ಹೇಳುವುದು ಅಳತೆ ಪುಸ್ತಕದಲ್ಲಿ ಮಾತ್ರ.

ಚರಂಡಿ ಬೀದಿ:
ಎಂಜಿನಿಯರ್ ಸಾಹೇಬರು ಹೇಳಿದ್ದು ಅಕ್ಷರಶಃ ನಿಜ. ನಮ್ಮ ವಾರ್ಡಿನಲ್ಲಿ ಮಳೆನೀರಿನ ಚರಂಡಿ ಕಟ್ಟಿದ ಕಾಮಗಾರಿಯ ಅಳತೆ ಪುಸ್ತಕದ ನಕಲು ತೆಗೆಸಿದೆವು. ಎರಡೂ ಬದಿಯ ಗೋಡೆಗೂ ತಳಕ್ಕೂ ಕಾಂಕ್ರೀಟ್ ಹಾಕಿದ ಲೆಕ್ಕ ಅದರಲ್ಲಿತ್ತು. ಪುಸ್ತಕದ ಪ್ರತಿ ಹಿಡಿದು, ಟೇಪು ತೆಗೆದುಕೊಂಡು ಬೀದಿಗೆ ಹೋದರೆ, ಮನೆಗಳ ಕಡೆಯ ಗೋಡೆ ಮಾತ್ರ ಹೊಸದು. ರಸ್ತೆ ಕಡೆಯದು ನಮ್ಮಪ್ಪನ ಕಾಲದ ಸೈಜುಗಲ್ಲಿನ ಗೋಡೆ, ಮೇಲೆ ತೆಳುವಾಗಿ ಸಿಮೆಂಟು ಬಳಿದಿದ್ದರು. ಒಂದು ಕಡೆ ಬಳಿದದ್ದು ಉದುರಿ ಕಲ್ಲು ಕಾಣುತ್ತಿತ್ತು. ಫೋಟೊ ತೆಗೆದು, ಪುಸ್ತಕದ ಪುಟ ಸಂಖ್ಯೆ ಬರೆದು ದೂರು ಕೊಟ್ಟೆವು. ಅಂತಿಮ ಬಿಲ್ ತಡೆಹಿಡಿದು, ಗುತ್ತಿಗೆದಾರನಿಂದ ಆ ಗೋಡೆಯನ್ನು ಕಟ್ಟಿಸಿದರು. ಯಾರನ್ನೂ ಅಮಾನತು ಮಾಡಲಿಲ್ಲ, ಪತ್ರಿಕೆಯಲ್ಲಿ ಬರಲಿಲ್ಲ, ಆದರೆ ಗೋಡೆ ಬಂತು.

ಅದಕ್ಕೂ ಹಿಂದೆ ನಾವು ಇಡೀ ವಾರ್ಡಿನ ಹಲವು ವರ್ಷಗಳ ಕಾಮಗಾರಿಗಳ ಮಾಹಿತಿಯನ್ನು ಒಟ್ಟಿಗೆ ಕೇಳಿ ಕೋಪವನ್ನಷ್ಟೇ ಹೊರಹಾಕುತ್ತಿದ್ದೆವು. ಒಂದೇ ಕಾಮಗಾರಿಯನ್ನು ಆರಿಸಿ ಕಡೆಯವರೆಗೆ ಬಿಡದೆ ಹಿಡಿದಾಗಲೇ ಕೆಲಸವಾದದ್ದು.

ಮಾಹಿತಿ ಅರ್ಜಿದಾರ:
ಇದಕ್ಕೆ ಕಾನೂನಿನ ಬಲವೂ ಇದೆ. ಕಾಯ್ದೆಯ 2(ಜೆ) ಕಲಮಿನಲ್ಲಿ ದಾಖಲೆಯ ನಕಲು ಪಡೆಯುವುದರ ಜೊತೆಗೆ ಕಾಮಗಾರಿಯನ್ನು ಪರಿಶೀಲಿಸುವ ಹಾಗೂ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವ ಹಕ್ಕೂ ಸೇರಿದೆ. ರಸ್ತೆಯ ಕಾಂಕ್ರೀಟಿನ ಮಾದರಿಯನ್ನು ಅಧಿಕಾರಿಗಳ ಎದುರೇ ತೆಗೆಸಿಕೊಳ್ಳಬಹುದು ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಬಾಡಿಗೆ ಮನೆಯವಳು:
ಎಲ್ಲರ ಮಾತನ್ನೂ ಗಮನವಿಟ್ಟು ಓದಿದೆ. ನನ್ನ ಪ್ರಶ್ನೆ ಹೆಸರಿನಿಂದಲೇ ಶುರುವಾಗುತ್ತದೆ. ತೆರಿಗೆದಾರರ ವೇದಿಕೆ ಎಂದರೆ ಆಸ್ತಿ ತೆರಿಗೆ ರಸೀದಿ ಇದ್ದವರ ವೇದಿಕೆಯೇ? ನನ್ನ ಹೆಸರಿನಲ್ಲಿ ಖಾತೆ ಇಲ್ಲ. ಆದರೆ ಮನೆ ಮಾಲೀಕರು ಕಟ್ಟುವ ತೆರಿಗೆ ನನ್ನ ಬಾಡಿಗೆಯಲ್ಲೇ ಇದೆ. ಸಂತೆಯಲ್ಲಿ ಸೊಪ್ಪು ಮಾರುವವರು ಪ್ರತಿದಿನ ಸುಂಕ ಕೊಡುತ್ತಾರೆ. ಪೌರಕಾರ್ಮಿಕರು ಸೋಪು ಕೊಂಡಾಗಲೂ ಜಿಎಸ್‌ಟಿ ಕೊಡುತ್ತಾರೆ, ಅದರ ಪಾಲೇ ಅನುದಾನವಾಗಿ ನಗರಸಭೆಗೆ ಬರುತ್ತದೆ.

ನಾನು ಹಿಂದೆ ಇದ್ದ ಊರಿನಲ್ಲಿ ಇಂಥದೊಂದು ಗುಂಪಿತ್ತು. ಅವರು ಮೊದಲು ಹಾಕಿದ ಅರ್ಜಿ ಬೀದಿ ವ್ಯಾಪಾರಿಗಳನ್ನು ಎತ್ತಿಸಿ ಎಂದು, ಎರಡನೆಯದು ಉದ್ಯಾನಕ್ಕೆ ಬೀಗ ಹಾಕಿಸಿ ಎಂದು. ಖರ್ಚಿನ ಲೆಕ್ಕ ಅವರ ಕೈಗೆ ಬರಲೇ ಇಲ್ಲ. ನೀವು ಹಾಗಾಗದಿರಿ ಎಂಬುದು ನನ್ನ ಕಳಕಳಿಯ ಕೋರಿಕೆ.

ಜಯನಗರದ ಹಿರಿಯ:
ಮೇಡಂ, ತಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಎಲ್ಲ ಗುಂಪುಗಳಿಗೂ ಅದೇ ಹಣೆಪಟ್ಟಿ ಹಚ್ಚುವುದು ನ್ಯಾಯವಲ್ಲ. ಬೆಂಗಳೂರಿನಲ್ಲಿ ಪಬ್ಲಿಕ್ ಅಫೇರ್ಸ್ ಸೆಂಟರ್ ಎಂಬ ಸ್ವಯಂಸೇವಾ ಸಂಸ್ಥೆ 1994ರಲ್ಲೇ ಸಾರ್ವಜನಿಕ ಸೇವೆಗಳ ಬಗ್ಗೆ ಜನರ ಅಭಿಪ್ರಾಯ ಸಂಗ್ರಹಿಸಿ ಸಂಸ್ಥೆಗಳಿಗೆ ಅಂಕಪಟ್ಟಿ ಕೊಟ್ಟಿತು. ಕೊಳೆಗೇರಿಗಳ ಮನೆಗಳಲ್ಲೂ ಪ್ರತ್ಯೇಕವಾಗಿ ಕೇಳಿತ್ತು. ಆ ಅಂಕಪಟ್ಟಿಯನ್ನು 1999ರಲ್ಲಿ, ಮತ್ತೆ 2003ರಲ್ಲಿ ಪುನಃ ಮಾಡಿದರು. 2002ರಲ್ಲಿ ಜನಾಗ್ರಹ, ಪಬ್ಲಿಕ್ ಅಫೇರ್ಸ್ ಸೆಂಟರ್, ವಾಯ್ಸಸ್, ಅಕ್ಷರ ಫೌಂಡೇಷನ್ ಒಟ್ಟಾಗಿ 'ಪ್ರೂಫ್' ಎಂಬ ಅಭಿಯಾನ ಆರಂಭಿಸಿದವು. ಕಂಪನಿಗಳು ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲೆಕ್ಕ ಒಪ್ಪಿಸುವ ರೀತಿಯಲ್ಲೇ ಮಹಾನಗರ ಪಾಲಿಕೆಯೂ ನಾಗರಿಕರ ಮುಂದೆ ಲೆಕ್ಕ ಇಡಬೇಕು ಎಂಬುದು ಅದರ ಬೇಡಿಕೆ. ಪಾಲಿಕೆ ಅದಕ್ಕೆ ಒಪ್ಪಿ ಬಹಿರಂಗ ಸಭೆಗಳಲ್ಲಿ ಲೆಕ್ಕವನ್ನೂ ಇಟ್ಟಿತು. ಗೃಹಿಣಿಯರು, ನಿವೃತ್ತರು, ಕಾಲೇಜು ವಿದ್ಯಾರ್ಥಿಗಳು ಬಜೆಟ್ ಪುಸ್ತಕ ಹಿಡಿದು ಪ್ರಶ್ನೆ ಕೇಳುವ ವಾತಾವರಣ ಆ ಕಾಲದಲ್ಲಿ ಹುಟ್ಟಿತು ಎಂಬುದನ್ನು ಮರೆಯಬಾರದು.

ಬಾಡಿಗೆ ಮನೆಯವಳು:
ಆ ಸಭೆಗಳು ಮುಂದೆ ಏಕೆ ನಿಂತವು, ಹಿರಿಯರೇ?

ಲೆಕ್ಕಪತ್ರದವಳು:
ನನಗೆ ತೋರುವ ಕಾರಣವನ್ನು ಹೇಳುತ್ತೇನೆ. ಅದು ಆಯುಕ್ತರ ಸದಿಚ್ಛೆಯ ಮೇಲೆ ನಿಂತಿತ್ತು. ಸ್ಥಳೀಯ ಸಂಸ್ಥೆ ತ್ರೈಮಾಸಿಕ ಲೆಕ್ಕವನ್ನು ಜನರ ಮುಂದೆ ಇಡಲೇಬೇಕು ಎಂಬ ಕಟ್ಟಳೆ ಕಾನೂನಿನಲ್ಲಿ ಗಟ್ಟಿಯಾಗದಿದ್ದರೆ, ಅಧಿಕಾರಿಯ ವರ್ಗಾವಣೆಯೊಂದಿಗೆ ಪದ್ಧತಿಯೂ ವರ್ಗವಾಗುತ್ತದೆ. ಆದ್ದರಿಂದ ಗುಂಪುಗಳು ಸಭೆಗಿಂತ ಹೆಚ್ಚಾಗಿ ಕಾಯ್ದೆಯ ಕಲಮಿಗೆ ಜೋತುಬೀಳಬೇಕು. ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂ ಪ್ರಕಾರ ಬಜೆಟ್, ಖರ್ಚು, ಸಹಾಯಧನದ ಫಲಾನುಭವಿಗಳ ವಿವರ ಇತ್ಯಾದಿಯನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು. ಆ ಪ್ರಕಟಣೆ ವರ್ಷ ವರ್ಷವೂ ನವೀಕರಣವಾಗುತ್ತಿದೆಯೇ ಎಂದು ನೋಡುವುದೇ ಒಂದು ವೇದಿಕೆಗೆ ಸಾಕಷ್ಟು ಕೆಲಸ.

ಮಾಜಿ ಸದಸ್ಯೆ:
ನಾನು ಒಂದು ಅವಧಿಗೆ ನಗರಸಭೆಯ ಸದಸ್ಯೆಯಾಗಿದ್ದವಳು. ಇಲ್ಲಿ ಒಂದು ಅಂಶವನ್ನು ಎಲ್ಲರೂ ಬಿಟ್ಟಿದ್ದೀರಿ. ಖರ್ಚನ್ನು ಪ್ರಶ್ನಿಸುವ ಮೊದಲ ಹೊಣೆ ಚುನಾಯಿತ ಸದಸ್ಯರದು. ತೆರಿಗೆದಾರರ ಗುಂಪುಗಳು ನಮ್ಮನ್ನೆಲ್ಲ ಕಳ್ಳರೆಂದು ಮೊದಲೇ ತೀರ್ಮಾನಿಸಿ ನೇರವಾಗಿ ಪೌರಾಯುಕ್ತರ ಬಳಿಗೆ, ಜಿಲ್ಲಾಧಿಕಾರಿಗಳ ಬಳಿಗೆ ಹೋಗುತ್ತವೆ. ಸಾಮಾನ್ಯ ಸಭೆಯಲ್ಲಿ ಒಂದು ಬಿಲ್ಲಿನ ಬಗ್ಗೆ ಪ್ರಶ್ನೆ ಎತ್ತಬೇಕೆಂದರೆ ನನ್ನ ಕೈಯಲ್ಲೂ ಕಾಗದ ಇರುತ್ತಿರಲಿಲ್ಲ. ಕಾರ್ಯಸೂಚಿ ಕೈಗೆ ಬರುತ್ತಿದ್ದದ್ದು ತಡವಾಗಿ, ಅದರಲ್ಲಿ 'ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು' ಎಂಬ ಸಾಲಿನಡಿ ದೊಡ್ಡ ಮೊತ್ತದ ವಿಷಯಗಳು ಬಂದುಬಿಡುತ್ತಿದ್ದವು. ಆಗ ಯಾರಾದರೂ ನಾಗರಿಕರು ಎರಡು ಪುಟದ ಟಿಪ್ಪಣಿ ಬರೆದುಕೊಟ್ಟಿದ್ದರೆ ಸಭೆಯಲ್ಲಿ ಓದಿ ನಡಾವಳಿಯಲ್ಲಿ ದಾಖಲು ಮಾಡಿಸುತ್ತಿದ್ದೆ.

ಬೆಂಗಳೂರನ್ನೇ ನೋಡಿ. ಬಿಬಿಎಂಪಿ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಐದು ನಗರ ಪಾಲಿಕೆಗಳಾಗಿ ಒಡೆದಾಗಲೂ ಆಡಳಿತ ಅಧಿಕಾರಿಗಳ ಕೈಯಲ್ಲೇ ಇತ್ತು. ಸಾವಿರಾರು ಕೋಟಿಯ ಬಜೆಟ್ಟುಗಳು ಸದಸ್ಯರ ಒಂದು ಪ್ರಶ್ನೆಯೂ ಇಲ್ಲದೆ ಅಂಗೀಕಾರವಾದವು. ತೆರಿಗೆದಾರರ ಗುಂಪುಗಳಿಗೆ ಖರ್ಚಿನ ಬಗ್ಗೆ ಇರುವ ಕಾಳಜಿ ಚುನಾವಣೆಯ ಬಗ್ಗೆಯೂ ಇರಬೇಕು.

ಜಯನಗರದ ಹಿರಿಯ:
ಈ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ಒಂದು ಸೇರ್ಪಡೆ: ಮಹಾನಗರ ಪಾಲಿಕೆಗಳಲ್ಲಿ ವಾರ್ಡ್ ಸಮಿತಿ ಎಂಬ ಶಾಸನಬದ್ಧ ವೇದಿಕೆ ಇದೆ. ಸಂವಿಧಾನದ 74ನೇ ತಿದ್ದುಪಡಿಯ 243ಎಸ್ ವಿಧಿಯಿಂದ ಬಂದದ್ದು. ಕರ್ನಾಟಕದ ಕಾಯ್ದೆಯಲ್ಲಿ ಹತ್ತು ನಾಮನಿರ್ದೇಶಿತ ಸದಸ್ಯರಲ್ಲಿ ಕನಿಷ್ಠ ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಮೂವರು ಮಹಿಳೆಯರು, ಇಬ್ಬರು ನಿವಾಸಿ ಸಂಘಗಳ ಪ್ರತಿನಿಧಿಗಳು ಇರಬೇಕೆಂದಿದೆ. ಬಾಡಿಗೆ ಮನೆಯವರ ಪ್ರಶ್ನೆಗೆ ಕಾಯ್ದೆಯೇ ಸ್ವಲ್ಪ ಮಟ್ಟಿಗೆ ಉತ್ತರ ಕೊಟ್ಟಿದೆ.

ಚರಂಡಿ ಬೀದಿ:
ಸಮಿತಿಯ ಪಟ್ಟಿಯಲ್ಲಿ ಆ ಇಬ್ಬರು, ಆ ಮೂವರು ಯಾರೆಂದು ನೋಡಿದರೆ ಬಹಳ ಕಡೆ ಕಾರ್ಪೊರೇಟರ್‌ಗಳ ಬೆಂಬಲಿಗರೇ ಇರುತ್ತಾರೆ.

ಹಳ್ಳಿಮನೆ:
ನಗರದವರು ಹೊಸದಾಗಿ ಕಟ್ಟಬೇಕೆನ್ನುವುದು ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಕಾನೂನಿನಂತೆ ಈಗಾಗಲೇ ಇದೆ. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಜಮಾಬಂದಿ ನಡೆಸಬೇಕು. ಹಿಂದಿನ ಆರ್ಥಿಕ ವರ್ಷದ ಜಮಾ ಖರ್ಚನ್ನು ಜನರೆದುರು ಓದಬೇಕು, ತಾಲ್ಲೂಕಿನಿಂದ ಬಂದ ಅಧಿಕಾರಿ ಕಾಮಗಾರಿಯ ಸ್ಥಳಕ್ಕೂ ಹೋಗಿ ನೋಡಬೇಕು. ಇದಲ್ಲದೆ ಉದ್ಯೋಗ ಖಾತರಿ ಕಾಮಗಾರಿಗಳಿಗೆ ಗ್ರಾಮಸಭೆಯಲ್ಲಿ ಸಾಮಾಜಿಕ ಲೆಕ್ಕಪರಿಶೋಧನೆ, ಅಂದರೆ ಊರಿನವರೇ ಲೆಕ್ಕ ತಾಳೆ ನೋಡುವುದು.

ನಡೆಯುವ ರೀತಿಯಲ್ಲಿ ವ್ಯತ್ಯಾಸವಿದೆ ಎಂಬುದನ್ನು ಮುಚ್ಚಿಡುವುದಿಲ್ಲ. ಕೆಲವು ಪಂಚಾಯಿತಿಗಳಲ್ಲಿ ಬಾಗಿಲು ಹಾಕಿದ ಕೋಣೆಯಲ್ಲಿ ಸಹಿ ಹಾಕಿಸಿ ಮುಗಿಸುತ್ತಾರೆ. ನಮ್ಮ ಊರಿನಲ್ಲಿ ಸ್ವಸಹಾಯ ಸಂಘದ ಹೆಂಗಸರು ಮುಂಚಿತವಾಗಿಯೇ ಜಮಾ ಖರ್ಚಿನ ಪಟ್ಟಿ ಕೇಳಿ ಪಡೆದು, ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು ಸಾಲು ಸಾಲಾಗಿ ಓದಿಕೊಂಡೇ ಸಭೆಗೆ ಬರುತ್ತಾರೆ. ಬೀದಿದೀಪದ ಬಲ್ಬು, ಬೋರ್‌ವೆಲ್ ಮೋಟಾರ್ ರಿಪೇರಿ, ಬ್ಲೀಚಿಂಗ್ ಪೌಡರ್ ಈ ಮೂರು ಬಾಬತ್ತಿನಲ್ಲಿ ಅವರ ಪ್ರಶ್ನೆಗೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ ಉತ್ತರ ಇರಲೇಬೇಕು, ಏಕೆಂದರೆ ಯಾವ ಕಂಬದ ದೀಪ ಯಾವಾಗ ಕೆಟ್ಟಿತ್ತು ಎಂಬುದು ಅವರಿಗೆ ಗೊತ್ತು.

ರಾಜಸ್ಥಾನ ನೋಡಿ ಬಂದವ:
ಹಳ್ಳಿಮನೆಯವರು ಹೇಳಿದ್ದಕ್ಕೆ ಮೂಲವೂ ಹಳ್ಳಿಯೇ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬಲ್ಲಿ ಜನಸುನವಾಯಿ (ಬಹಿರಂಗ ವಿಚಾರಣೆಯ ಸಭೆ) ನಡೆಸಿ ಕಾಮಗಾರಿಯ ಬಿಲ್ಲುಗಳನ್ನೂ ಹಾಜರಿ ಪಟ್ಟಿಯನ್ನೂ ಊರಿನವರ ಎದುರು ಗಟ್ಟಿಯಾಗಿ ಓದಿದರು. ಅವರು ಆಸ್ತಿ ತೆರಿಗೆ ಕಟ್ಟುವವರಲ್ಲ, ಕನಿಷ್ಠ ಕೂಲಿ ಸಿಗದ ಕೂಲಿಕಾರರು. 1996ರಲ್ಲಿ ಬ್ಯಾವರ್‌ನಲ್ಲಿ ಅವರು ಕುಳಿತ ಧರಣಿಯೇ ಮುಂದೆ ದೇಶಕ್ಕೆ ಮಾಹಿತಿ ಹಕ್ಕು ತಂದುಕೊಟ್ಟ ಚಳವಳಿಗೆ ದಾರಿಯಾಯಿತು. ನಗರದ ಉದಾಹರಣೆ ಬೇಕೆಂದರೆ, 2002ರ ಡಿಸೆಂಬರ್‌ನಲ್ಲಿ ದೆಹಲಿಯ ಸುಂದರನಗರಿಯಲ್ಲಿ ಪರಿವರ್ತನ್ ಎಂಬ ಗುಂಪು 68 ಕಾಮಗಾರಿಗಳನ್ನು ಬೀದಿ ಬೀದಿಯಲ್ಲಿ ತಾಳೆ ನೋಡಿತು. ಸುಮಾರು 1.3 ಕೋಟಿ ರೂಪಾಯಿಯ ಕೆಲಸದಲ್ಲಿ 70 ಲಕ್ಷ ರೂಪಾಯಿಯಷ್ಟು ಸಾಮಗ್ರಿ ನೆಲದ ಮೇಲೆ ಇರಲೇ ಇಲ್ಲ ಎಂದು ಆ ಸಾರ್ವಜನಿಕ ಸಭೆಯಲ್ಲಿ ತಿಳಿಸಿದರು. ಅದು ಪುನರ್ವಸತಿ ಬಡಾವಣೆ. ಬಂದು ಸಾಕ್ಷಿ ಹೇಳಿದವರು ಅಲ್ಲಿನ ಸಾಮಾನ್ಯ ನಿವಾಸಿಗಳು.

ಕ್ಯಾಲಿಫೋರ್ನಿಯಾ ಕನ್ನಡಿಗ:
ನಾನಿರುವ ರಾಜ್ಯದ ಅನುಭವವೂ ಉಪಯೋಗಕ್ಕೆ ಬರಬಹುದು. ಲಾಸ್ ಏಂಜಲೀಸ್ ಪಕ್ಕದ ಬೆಲ್ ಎಂಬ ಪುಟ್ಟ ನಗರದಲ್ಲಿ ಸುಮಾರು 36,000 ಜನ, ಹೆಚ್ಚಿನವರು ದುಡಿಯುವ ವಲಸಿಗ ಕುಟುಂಬದವರು. 2010ರ ಜುಲೈನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ, ಅಲ್ಲಿನ ನಗರಾಡಳಿತದ ಮುಖ್ಯಸ್ಥನ ವಾರ್ಷಿಕ ಸಂಬಳ ಸುಮಾರು 7,87,000 ಡಾಲರ್ ಎಂದು ಬಯಲು ಮಾಡಿತು. 2005ರಲ್ಲಿ ನಡೆದ ವಿಶೇಷ ಮತದಾನವೊಂದು ಕೌನ್ಸಿಲ್ ಸದಸ್ಯರ ವೇತನದ ಮೇಲಿದ್ದ ರಾಜ್ಯದ ಮಿತಿಯಿಂದ ನಗರವನ್ನು ಹೊರಗಿಟ್ಟಿತ್ತು. ಆ ದಿನ ಬಂದು ಮತ ಹಾಕಿದವರು 400 ಜನರೂ ಇರಲಿಲ್ಲ. ಸುದ್ದಿ ಬಂದ ಮೇಲೆ ನಿವಾಸಿಗಳು 'ಬಾಸ್ತಾ' ಎಂಬ ಗುಂಪು ಕಟ್ಟಿ, 2011ರ ಮಾರ್ಚ್‌ನಲ್ಲಿ ಕೌನ್ಸಿಲ್ ಸದಸ್ಯರನ್ನು ಮತದಾನದ ಮೂಲಕ ಅಧಿಕಾರದಿಂದ ಇಳಿಸಿದರು. ಆ ಮುಖ್ಯಸ್ಥನಿಗೆ 2014ರಲ್ಲಿ 12 ವರ್ಷಗಳ ಶಿಕ್ಷೆಯಾಯಿತು.

ಆದರೆ ಇದೇ ರಾಜ್ಯದಲ್ಲಿ ಇನ್ನೊಂದು ಬಗೆಯ ತೆರಿಗೆದಾರರ ಸಂಘಟನೆಯೂ ಇದೆ. 1978ರಲ್ಲಿ ಹೊವಾರ್ಡ್ ಜಾರ್ವಿಸ್ ಮುಂದಾಳತ್ವದಲ್ಲಿ ಜನಮತದಲ್ಲಿ ಗೆದ್ದ 13ನೇ ಪ್ರಸ್ತಾವನೆ ಆಸ್ತಿ ತೆರಿಗೆಯನ್ನು ಮೌಲ್ಯದ ಶೇ. 1ಕ್ಕೆ, ಮೌಲ್ಯದ ವಾರ್ಷಿಕ ಏರಿಕೆಯನ್ನು ಶೇ. 2ಕ್ಕೆ ಕಟ್ಟಿಹಾಕಿತು. ಹಳೆಯ ಮನೆ ಮಾಲೀಕರಿಗೆ ಅನುಕೂಲವಾಯಿತು. ನಗರಗಳು ಮಾತ್ರ ಶುಲ್ಕಗಳ ಮೇಲೂ ರಾಜ್ಯದ ಹಣದ ಮೇಲೂ ಹೆಚ್ಚು ಅವಲಂಬಿಸಬೇಕಾಯಿತು. ತೆರಿಗೆ ಕಡಿಮೆ ಮಾಡಿಸುವ ಗುಂಪು ಮತ್ತು ತೆರಿಗೆಯ ಖರ್ಚನ್ನು ನೋಡುವ ಗುಂಪು ಒಂದೇ ಅಲ್ಲ. ನಿಮ್ಮ ಬಡಾವಣೆಯವರು ಮೊದಲೇ ಇದನ್ನು ಇತ್ಯರ್ಥ ಮಾಡಿಕೊಳ್ಳಬೇಕು.

ಹೊಸ ಬಡಾವಣೆಯವ:
ಇಷ್ಟು ವಿವರವಾದ ಉತ್ತರಗಳಿಗೆ ಕೃತಜ್ಞತೆಗಳು. ತೆರಿಗೆ ಇಳಿಸಿ ಎಂಬ ಬೇಡಿಕೆ ನಮ್ಮದಲ್ಲ. ಆದರೆ ಬಾಡಿಗೆ ಮನೆಯವರ ಮಾತಿನ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯವಿದೆ. ಪಕ್ಕದ ಕಾಲೊನಿಯವರನ್ನು ಸೇರಿಸಿಕೊಂಡರೆ ಹಕ್ಕುಪತ್ರ, ನಲ್ಲಿ ಸಂಪರ್ಕ ಎಂದು ವಿಷಯ ಹರಡಿಹೋಗುತ್ತದೆ, ರಸ್ತೆಯ ಲೆಕ್ಕ ಹಿಂದೆ ಬೀಳುತ್ತದೆ ಎಂದು ಕೆಲವರ ಅಭಿಪ್ರಾಯ.

ಲೆಕ್ಕಪತ್ರದವಳು:
ಹರಡಿಹೋಗುವುದಿಲ್ಲ, ಅದೂ ಬಜೆಟ್ಟಿನ ಲೆಕ್ಕವೇ. ನಿಮ್ಮ ನಗರಸಭೆಯ ಬಜೆಟ್ ತೆರೆದು ಶೇ. 24.10, ಶೇ. 7.25, ಶೇ. 5 ಎಂಬ ಮೂರು ಶೀರ್ಷಿಕೆ ಹುಡುಕಿ. ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಇತರ ಹಿಂದುಳಿದ ಹಾಗೂ ಬಡ ವರ್ಗದವರು, ಅಂಗವಿಕಲರು, ಈ ಕ್ರಮದಲ್ಲಿ ಮೀಸಲಿಡಬೇಕಾದ ನಿಧಿಗಳು ಅವು. ಬಜೆಟ್ ಭಾಷಣದಲ್ಲಿ ತಪ್ಪದೆ ಇರುತ್ತವೆ. ವರ್ಷದ ಕೊನೆಯಲ್ಲಿ ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು, ಆ ಹೆಸರಿನಲ್ಲಿ ಹಾಕಿದ ಕಾಂಕ್ರೀಟ್ ರಸ್ತೆ ನಿಜವಾಗಿ ಕಾಲೊನಿಯಲ್ಲಿದೆಯೇ ಅಥವಾ ಪಕ್ಕದ ಬಡಾವಣೆಯಲ್ಲಿದೆಯೇ ಎಂದು ತಾಳೆ ನೋಡಲು ಕಾಲೊನಿಯ ಜನರಿಲ್ಲದೆ ನಿಮಗೆ ಸಾಧ್ಯವಿಲ್ಲ. ಅಂಗವಿಕಲರ ನಿಧಿಯಿಂದ ತ್ರಿಚಕ್ರ ವಾಹನ ಯಾರಿಗೆ ಸಿಕ್ಕಿತು ಎಂಬುದು ನಿಮ್ಮ ಮುಖ್ಯರಸ್ತೆಯ ಮನೆಗಳಿಗೆ ಗೊತ್ತಿರುವುದಿಲ್ಲ. ಅವರನ್ನು ಬಿಟ್ಟು ನೀವು ಓದುವ ಬಜೆಟ್ ಅರ್ಧ ಬಜೆಟ್.

ಬಾಡಿಗೆ ಮನೆಯವಳು:
ನಾನು ಹೇಳಬೇಕೆಂದಿದ್ದುದನ್ನು ಅಂಕಿಯಲ್ಲಿ ಹೇಳಿದ್ದೀರಿ, ಧನ್ಯವಾದಗಳು.

ಗ್ರಂಥಾಲಯದ ಓದುಗ:
ನಿಮ್ಮ ತೆರಿಗೆ ರಸೀದಿಯ ಕೆಳಭಾಗವನ್ನೂ ನೋಡಿ. ಆಸ್ತಿ ತೆರಿಗೆಯ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3 ಎಂದು ಪ್ರತ್ಯೇಕವಾಗಿ ವಸೂಲಾಗುತ್ತದೆ. ಇದು ನಗರಸಭೆಯ ಸ್ವಂತ ಹಣವಲ್ಲ, ಸಂಗ್ರಹಿಸಿ ಸಂಬಂಧಿಸಿದವರಿಗೆ ಪಾವತಿಸಬೇಕು. ಹಲವು ಸ್ಥಳೀಯ ಸಂಸ್ಥೆಗಳು ಗ್ರಂಥಾಲಯ ಕರವನ್ನು ವಸೂಲು ಮಾಡಿ ತಮ್ಮ ಬಳಿಯೇ ಉಳಿಸಿಕೊಂಡಿವೆ. ಬೆಂಗಳೂರಿನ ಪಾಲಿಕೆ ನೂರಾರು ಕೋಟಿ ಬಾಕಿ ಉಳಿಸಿಕೊಂಡ ವಿಷಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಶಾಖಾ ಗ್ರಂಥಾಲಯದಲ್ಲಿ ಹೊಸ ಪುಸ್ತಕ ಇಲ್ಲ ಎಂದು ಗ್ರಂಥಪಾಲಕರನ್ನು ಬೈಯುವವರು ಈ ಒಂದು ಅರ್ಜಿ ಹಾಕಲಿ: ಕಳೆದ ಮೂರು ವರ್ಷಗಳಲ್ಲಿ ವಸೂಲಾದ ಗ್ರಂಥಾಲಯ ಕರ ಎಷ್ಟು, ಇಲಾಖೆಗೆ ಪಾವತಿಸಿದ್ದು ಎಷ್ಟು, ಪಾವತಿಯ ದಿನಾಂಕ ಯಾವುದು. 150 ಪದ ಬೇಕಾಗುವುದೇ ಇಲ್ಲ.

ನಿವೃತ್ತ ಎಂಜಿನಿಯರ್:
ಒಂದು ವಿಷಯ ನೋವಿನಿಂದಲೇ ಹೇಳಬೇಕಾಗಿದೆ. ಮಾಹಿತಿ ಹಕ್ಕಿನ ಹೆಸರಿನಲ್ಲಿ ಅರ್ಜಿ ಹಾಕಿ, ಆಮೇಲೆ ಗುತ್ತಿಗೆದಾರರಿಂದಲೂ ಎಂಜಿನಿಯರುಗಳಿಂದಲೂ ಹಣ ಕೇಳುವವರನ್ನು ನನ್ನ ಸೇವೆಯಲ್ಲಿ ಕಂಡಿದ್ದೇನೆ. ಅಂಥವರಿಂದಾಗಿ ಪ್ರಾಮಾಣಿಕ ಅರ್ಜಿದಾರನನ್ನೂ ಕಚೇರಿಯಲ್ಲಿ ಅನುಮಾನದಿಂದ ನೋಡುತ್ತಾರೆ. ನಿಮ್ಮ ವೇದಿಕೆಯವರು ಪಡೆದ ಪ್ರತಿಯೊಂದು ದಾಖಲೆಯನ್ನೂ ಎಲ್ಲರಿಗೂ ಸಿಗುವಂತೆ ಬಹಿರಂಗವಾಗಿ ಇಡಿ. ಕಪಾಟಿನಲ್ಲಿ ಮುಚ್ಚಿಟ್ಟ ಕಾಗದಕ್ಕೆ ಬೆಲೆ ಕಟ್ಟುವವರು ಹುಟ್ಟಿಕೊಳ್ಳುತ್ತಾರೆ.

ಮಾಹಿತಿ ಅರ್ಜಿದಾರ:
ಸಲಹೆ ಸರಿಯಾಗಿದೆ, ಆದರೆ ನಾಣ್ಯದ ಇನ್ನೊಂದು ಮುಖವನ್ನೂ ಹೇಳಬೇಕು, ಸರ್. ಹಣ ಕೇಳುವವರಿಗಿಂತ ಬೆದರಿಕೆ ಎದುರಿಸುವವರು ಹೆಚ್ಚು. ಅಕ್ರಮ ಬಯಲು ಮಾಡುವವರ ರಕ್ಷಣೆಗೆ 2014ರಲ್ಲಿ ಸಂಸತ್ತು ಕಾಯ್ದೆ ಮಾಡಿತು, ಅದನ್ನು ಜಾರಿಗೆ ತರದೆ ವರ್ಷಗಳೇ ಉರುಳಿದವು. ಈ ಕಾರಣಕ್ಕಾಗಿಯೇ ಒಂದೇ ಹೆಸರಿನಲ್ಲಿ ಎಲ್ಲ ಅರ್ಜಿ ಹಾಕಬೇಡಿ ಎನ್ನುತ್ತೇನೆ. ಒಂದು ಕಾಮಗಾರಿಯ ಅಂದಾಜು ಪಟ್ಟಿಯನ್ನು ಒಬ್ಬರು, ಅಳತೆ ಪುಸ್ತಕವನ್ನು ಇನ್ನೊಬ್ಬರು, ಗುಣಮಟ್ಟದ ವರದಿಯನ್ನು ಮತ್ತೊಬ್ಬರು ಕೇಳಲಿ. ಒಂದೇ ವಿಷಯ ಎಂಬ ನಿಯಮವನ್ನು ಪಾಲಿಸಿದಂತೆಯೂ ಆಗುತ್ತದೆ, ಒಬ್ಬರ ಮನೆ ಬಾಗಿಲಿಗೇ ಎಲ್ಲರೂ ಬರುವುದೂ ತಪ್ಪುತ್ತದೆ.

ಮಾಜಿ ಸದಸ್ಯೆ:
ದಾಖಲೆ ಬಂದ ಮೇಲೆ ಒಂದು ಪ್ರತಿಯನ್ನು ನಿಮ್ಮ ವಾರ್ಡಿನ ಸದಸ್ಯರಿಗೂ ಕೊಡಿ. ಅವರು ಪ್ರಶ್ನೆ ಕೇಳಿದರೆ ಒಳ್ಳೆಯದು, ಕೇಳದಿದ್ದರೆ ಮುಂದಿನ ಚುನಾವಣೆಯಲ್ಲಿ ಅದೂ ನಿಮಗೆ ಗೊತ್ತಿರುತ್ತದೆ. ಬಜೆಟ್ ಪೂರ್ವಭಾವಿ ಸಭೆಗೆ ನಾಗರಿಕರನ್ನು ಕರೆಯುವ ಪ್ರಕಟಣೆ ಚಳಿಗಾಲದಲ್ಲಿ ಬರುತ್ತದೆ. ಆ ಸಭೆಯಲ್ಲಿ ಕುರ್ಚಿಗಳು ಖಾಲಿ ಇರುವುದನ್ನೇ ನಾನು ಹೆಚ್ಚಾಗಿ ನೋಡಿದ್ದೇನೆ.

ಹೊಸ ಬಡಾವಣೆಯವ:
ಟೆಂಡರ್ ಪ್ರಕ್ರಿಯೆ ಮುಗಿದು ಕಾರ್ಯಾದೇಶ ಆಗಿಬಿಟ್ಟರೆ ನಮ್ಮ ಪ್ರಶ್ನೆಗೆ ಅರ್ಥವಿರುವುದೇ? ಹಾಗೆಯೇ, ಮೊದಲು ಹಾಕಿದ ಡಾಂಬರಿನ ಗುತ್ತಿಗೆದಾರನ ಹೊಣೆ ಮುಗಿದೇ ಹೋಯಿತೇ?

ನಿವೃತ್ತ ಎಂಜಿನಿಯರ್:
ಕಾರ್ಯಾದೇಶ ಆದರೂ ಬಿಲ್ ಆಗುವವರೆಗೆ ಪ್ರಶ್ನೆಗೆ ಅರ್ಥವಿದೆ. ಎರಡನೆಯದಕ್ಕೆ ಉತ್ತರ ಮೊದಲ ಕಾಮಗಾರಿಯ ಕರಾರು ಪತ್ರದಲ್ಲಿದೆ. ಅದರಲ್ಲಿ ದೋಷ ಹೊಣೆಗಾರಿಕೆ ಅವಧಿ ಎಷ್ಟು ಎಂದು ಬರೆದಿರುತ್ತದೆ, ಆ ಅವಧಿ ಮುಗಿಯುವವರೆಗೆ ಗುತ್ತಿಗೆದಾರನ ಭದ್ರತಾ ಠೇವಣಿ ನಗರಸಭೆಯ ಬಳಿಯೇ ಇರುತ್ತದೆ. ಅಗೆಯದೆ ಉಳಿದ ಭಾಗದಲ್ಲಿ ಡಾಂಬರು ಕಿತ್ತುಬಂದಿದ್ದರೆ ಅದನ್ನು ಸರಿಪಡಿಸುವ ಹೊಣೆ ಅವನದು. ಅಗೆದ ಭಾಗದ ಹೊಣೆ ಪೈಪು ಹಾಕಿದವರದು. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಿ, ಫೋಟೊ ಸಹಿತ ಎರಡು ದೂರು ಬರೆಯಿರಿ, ಠೇವಣಿ ಬಿಡುಗಡೆ ಮಾಡಬಾರದೆಂದು ಮೊದಲ ದೂರಿನಲ್ಲಿ ಸ್ಪಷ್ಟವಾಗಿ ಕೋರಿ. ಪ್ರತಿಯ ಮೇಲೆ ಸ್ವೀಕೃತಿ ಮೊಹರನ್ನೂ ದಿನಾಂಕವನ್ನೂ ಹಾಕಿಸಿಕೊಳ್ಳಿ. ಟಪಾಲು ಶಾಖೆಯವರು ಹಾಕಿಕೊಡದಿದ್ದರೆ ಅಂದೇ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ ರಸೀದಿಯನ್ನು ದೂರಿನ ಪ್ರತಿಗೆ ಅಂಟಿಸಿಡಿ.